ಅನುಮಾನದಕ್ಕ ಕುರ್ಚಿ ಬದಲಿಸಿದ್ದು

ಅನುಮಾನದಕ್ಕನ ಅಡುಗೆಮನೆಯಲ್ಲಿ ಉಪ್ಪಿನ ಡಬ್ಬಿಯ ಮೇಲೆ ‘ಉಪ್ಪು’ ಎಂದು ಬರೆದ ಚೀಟಿ ಅಂಟಿಸಿದೆ. ಬರೆದವಳೂ ಅವಳೇ, ಅಂಟಿಸಿದವಳೂ ಅವಳೇ. ಆದರೂ ಒಂದು ಹರಳು ನಾಲಿಗೆಯ ಮೇಲಿಟ್ಟು ನೋಡದೆ ಅವಳು ಪಾತ್ರೆಗೆ ಉಪ್ಪು ಹಾಕುವವಳಲ್ಲ.

“ನಿನ್ನ ಕೈಬರಹವನ್ನೇ ನೀನು ನಂಬಲ್ಲ ಅಂದ್ಮೇಲೆ ನನ್ನ ಗತಿ ಏನೇ?” ಎಂದು ದರ್ಜಿ ಗಂಡ ಹೊಲಿಗೆ ಯಂತ್ರದ ಹಿಂದಿನಿಂದ ಕಾಲೆಳೆಯುತ್ತಾನೆ.

“ಪರೀಕ್ಷೆ ಮಾಡದೆ ಒಪ್ಕೊಂಡಿದ್ದು ಜೀವಮಾನದಲ್ಲಿ ನಿಮ್ಮನ್ನೊಬ್ಬರನ್ನೇ ರೀ. ಅಷ್ಟು ಸಾಕು ನಂಗೆ.”

ಈ ಗುಣ ಅವಳಿಗೆ ಅಪ್ಪನಿಂದ ಬಂದದ್ದು. ಅಪ್ಪ ಅಂಗಡಿ ಅಂಗಡಿ ಸುತ್ತಿ ತಕ್ಕಡಿ ತಪಾಸಣೆ ಮಾಡುವ ನೌಕರಿಯಲ್ಲಿದ್ದ. ರಜೆಯಲ್ಲಿ ಮಗಳನ್ನೂ ಸೈಕಲ್ಲಿನ ಹಿಂದೆ ಕೂರಿಸಿಕೊಂಡು ಹೋಗುತ್ತಿದ್ದ. ಅಂಗಡಿಯವನು ಹಲ್ಲು ಕಿರಿಯುತ್ತಾ ನಿಂತಿದ್ದರೆ ಅಪ್ಪ ಅವನ ಮುಖ ನೋಡುತ್ತಿರಲಿಲ್ಲ, ತಟ್ಟೆಯನ್ನು ಮಗುಚಿ ಅಡಿಯಲ್ಲಿ ಬೆರಳಾಡಿಸುತ್ತಿದ್ದ. ಎಷ್ಟೋ ಸಲ ಅಲ್ಲಿ ಮೇಣ ಅಂಟಿರುತ್ತಿತ್ತು. ಬೇಕೆಂದೇ ಅಂಟಿಸಿದವರು ಇದ್ದರು. ಕರೆಂಟು ಹೋದಾಗ ಹಚ್ಚಿದ ಮೇಣದಬತ್ತಿ ತೊಟ್ಟಿಕ್ಕಿ, ಅಂಚಿನಿಂದ ಅಡಿಗಿಳಿದ ಮೇಣ ಅಂಟಿದ್ದೇ ಗೊತ್ತಿಲ್ಲದೆ ವರ್ಷಗಟ್ಟಲೆ ತಪ್ಪು ತೂಗಿದವರೂ ಇದ್ದರು. ಗೊತ್ತಿಲ್ಲದವರೇ ಅಪ್ಪನ ಮೇಲೆ ಹೆಚ್ಚು ಕೂಗಾಡುತ್ತಿದ್ದರು.

ಮಗಳು ತಕ್ಕಡಿ ಬಿಟ್ಟು ಮೇಷ್ಟರಿಕೆ ಹಿಡಿದಳು. ಮೇಷ್ಟರಿಕೆಯಿಂದ ಆಟಿಸಂ ಇರುವ ಮಕ್ಕಳ ತರಗತಿಗೆ ಬಂದಳು. ಅಲ್ಲಿ ಕೂದಲು ನರೆತ ಮೇಲೆ, ಅಂಥ ಮಕ್ಕಳ ಜತೆ ಹೇಗೆ ಕೂರಬೇಕು, ಎಷ್ಟು ಕಾಯಬೇಕು, ಎಲ್ಲಿ ಬಾಯಿಗೆ ಬೀಗ ಹಾಕಿಕೊಳ್ಳಬೇಕು ಎಂಬುದನ್ನು ಶಿಕ್ಷಕರಿಗೂ ತರಗತಿಯ ಸಹಾಯಕಿಯರಿಗೂ ಕಲಿಸುವ ಕೆಲಸಕ್ಕೆ ನಿಂತಳು. ಅವಳ ತರಬೇತಿಯ ಮೊದಲ ಪಾಠಕ್ಕೆ ಪುಸ್ತಕವಿಲ್ಲ. ಎರಡೂ ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು ಸುಮ್ಮನೆ ಕೂರಬೇಕು. “ಮಗು ಮಾಡೋ ಕೆಲಸಾನ ನಿಮ್ಮ ಕೈ ಕದಿಯುತ್ತೆ. ಮೊದಲು ಕಳ್ಳನ್ನ ಹಿಡಿದಿಡಿ” ಎನ್ನುತ್ತಿದ್ದಳು. ಎದುರಿಗೆ ಎಲ್ಲರೂ ಅಕ್ಕ ಎಂದರು. ಬೆನ್ನ ಹಿಂದೆ ಅದರ ಮುಂದೊಂದು ಬಿರುದು ಸೇರಿಕೊಂಡಿತು.

ಒಂದು ಶಾಲೆಯ ಹೆಡ್‌ಮಾಸ್ಟರು ಅವಳಿಗೆ ಫೋನ್ ಮಾಡಿದಾಗ ದನಿಯಲ್ಲೇ ಸಕ್ಕರೆ ಸುರಿಯುತ್ತಿತ್ತು.

“ಅಕ್ಕಾ, ನಮ್ಮಲ್ಲಿ ಅದ್ಭುತ ನಡೆದಿದೆ! ಒಂದು ಮಾತೂ ಆಡದ ಹುಡುಗಿ ಈಗ ಚಿತ್ರದ ಕಾರ್ಡು ಮುಟ್ಟಿ ಎಲ್ಲಾ ಹೇಳ್ತಾಳೆ. ನೀರು, ಬಚ್ಚಲು, ಯಾವ ಕೋಣೆಗೆ ಹೋಗ್ಬೇಕು, ಯಾರು ಬೇಕು, ಎಲ್ಲಾ! ನಾಳೆ ತರಬೇತಿಗೆ ಬರೋ ಶಿಕ್ಷಕರ ಮುಂದೆ ಅವಳನ್ನ ತೋರಿಸೋಣ ಅಂತ. ನೀವು ಪಕ್ಕದಲ್ಲಿ ನಿಂತು ನಾಲ್ಕು ಒಳ್ಳೆ ಮಾತಾಡಿದ್ರೆ ಸಾಕು.”

ಅದ್ಭುತ ಎಂಬ ಪದ ಕಿವಿಗೆ ಬಿದ್ದರೆ ಅಕ್ಕನಿಗೆ ಎಲ್ಲೋ ಮೇಣದ ವಾಸನೆ ಬರುತ್ತದೆ. ತರಬೇತಿ ನಾಳೆಯಾದರೆ ಅವಳು ಇವತ್ತೇ ಹೊರಟಳು.

ಶಾಲೆಯ ಬಾಗಿಲಲ್ಲೇ ಆ ಹುಡುಗಿಯ ತರಗತಿಯ ಸಹಾಯಕಿ ಓಡಿ ಬಂದು ಕೈ ಹಿಡಿದುಕೊಂಡಳು. ಹಿಂದಿನ ವರ್ಷ ಅಕ್ಕನ ಕೈಯಲ್ಲೇ ಪಳಗಿದವಳು. ಕೈಗಳನ್ನು ತೊಡೆಯ ಕೆಳಗಿಟ್ಟು ಕಲ್ಲಿನ ಹಾಗೆ ಕೂರುವುದರಲ್ಲಿ ಅವಳನ್ನು ಮೀರಿಸಿದವರಿರಲಿಲ್ಲ. ಹಾಡೆಂದರೆ ಪ್ರಾಣ ಬಿಡುತ್ತಿದ್ದಳು. ಮೇಜು ಒರೆಸುವಾಗಲೂ ಗುನುಗುತ್ತಿದ್ದಳು. ಅಕ್ಕನಿಗೆ ಅವಳ ಮೇಲೆ ಮಗಳ ಮೇಲಿನಷ್ಟು ಅಕ್ಕರೆ. ಆ ಅಕ್ಕರೆಯನ್ನೂ ಅಕ್ಕ ಅನುಮಾನದಿಂದಲೇ ನೋಡುತ್ತಿದ್ದಳೆನ್ನಿ.

ಮಾತಾಡದ ಆ ಹುಡುಗಿಗೆ ಎಂಟು ವರ್ಷ. ಬಾಟಲಿ ಮುಚ್ಚಳಗಳನ್ನು ಮೇಜಿನ ಮೇಲೆ ತಿರುಗಿಸಿ, ಅವು ನಿಲ್ಲುವ ತನಕ ಕಿವಿಗೊಟ್ಟು ಕೇಳುತ್ತಿದ್ದಳು. ಅದಕ್ಕೇ ಶಾಲೆಯಲ್ಲಿ ಅವಳಿಗೆ ಮುಚ್ಚಳದ ರಾಣಿ ಎಂದು ಹೆಸರು. ಅಕ್ಕನ ಕಣ್ಣು ಮೊದಲು ಬಿದ್ದದ್ದು ಅವಳ ಎಡ ಮಣಿಕಟ್ಟಿನ ಮೇಲೆ. ಅಲ್ಲಿ ಹಲ್ಲಿನ ಗುರುತುಗಳಿದ್ದವು, ಹಳೆಯವು ಕಪ್ಪಾಗಿ, ಹೊಸವು ಕೆಂಪಾಗಿ.

“ಇದೇನು?” ಎಂದು ಸಹಾಯಕಿಯನ್ನು ಕೇಳಿದಳು.

“ಖುಷಿ ಹೆಚ್ಚಾದ್ರೆ ಕಚ್ಕೋತಾಳೆ ಅಕ್ಕ. ಹಾಡಿನ ಕೋಣೆಯಲ್ಲೇ ಜಾಸ್ತಿ. ದಿನಾ ಅವಳೇ ಆ ಕಾರ್ಡು ಮುಟ್ಟಿ ಅಲ್ಲಿಗೆ ಹೋಗ್ಬೇಕು ಅಂತಾಳೆ.”

ಅಕ್ಕ ಹಾಡಿನ ಕೋಣೆಯ ಬಾಗಿಲಲ್ಲಿ ನಿಂತು ನೋಡಿದಳು. ಮಕ್ಕಳು ಡ್ರಮ್ ಬಡಿಯುತ್ತಿದ್ದರು. ಮುಚ್ಚಳದ ರಾಣಿ ಮೂಲೆಯಲ್ಲಿ ಎರಡೂ ಕಿವಿ ಮುಚ್ಚಿಕೊಂಡು, ಮುಖವನ್ನು ಮೊಣಕಾಲುಗಳ ನಡುವೆ ಹುದುಗಿಸಿ ಕೂತಿದ್ದಳು. ಇದು ಖುಷಿಯಾದರೆ ಸಂಕಟ ಎಂದು ಯಾವುದಕ್ಕೆ ಹೇಳಬೇಕು? ಬೇಕೆಂದು ತಾನೇ ಕೇಳಿದ ಕೋಣೆಯಲ್ಲಿ ಮಗು ತನ್ನನ್ನೇ ಯಾಕೆ ಕಚ್ಚಿಕೊಳ್ಳುತ್ತದೆ? ಕೇಳಿದ್ದು ಅವಳೇನಾ? ಕಾರ್ಡು ಮುಟ್ಟಿದ್ದು ಅವಳ ಬೆರಳಾದರೂ ಮಾತು ಬೇರೆ ಯಾರದೋ ಆಗಿದ್ದರೆ, ಈ ಮಗುವನ್ನು ದಿನಾ ಅವಳದೇ ಹೆಸರಲ್ಲಿ ಹಿಂಸೆಗೆ ಒಯ್ಯುತ್ತಿದ್ದಾರೆ.

ಮಧ್ಯಾಹ್ನ ಸಹಾಯಕಿ ಕಾರ್ಡುಗಳನ್ನು ಸಾಲಾಗಿಟ್ಟು ಕೈಗಳನ್ನು ತೊಡೆಯ ಕೆಳಗಿಟ್ಟುಕೊಂಡಳು. “ಈಗೇನು ಬೇಕು?” ಎಂದಳು. ಹುಡುಗಿಯ ಕೈ ಕಾರ್ಡುಗಳ ಮೇಲೆ ಮೆಲ್ಲಗೆ ಸರಿಯಿತು. ಕಣ್ಣು ಮಾತ್ರ ಕಿಟಕಿಯ ಕಡೆ. ಕೈ ನೀರಿನ ಚಿತ್ರದ ಮೇಲೆ ಬಂದು ನಿಂತಿತು. ಹೆಡ್‌ಮಾಸ್ಟರು ಚಪ್ಪಾಳೆ ತಟ್ಟಿದರು.

ಅಕ್ಕ ತಟ್ಟಲಿಲ್ಲ. ನೋಡದೆ ಆರಿಸುವ ಮಗುವನ್ನು ಅವಳು ಈ ತನಕ ಕಂಡಿರಲಿಲ್ಲ. ಸಹಾಯಕಿಯ ಕಣ್ಣು ನೋಡಿದಳು, ಗಲ್ಲ ನೋಡಿದಳು, ಬಳೆ ನೋಡಿದಳು. ಎಲ್ಲೂ ಏನೂ ಸಿಗಲಿಲ್ಲ. ಆಮೇಲೆ ಹುಡುಗಿ ಮುಚ್ಚಳ ಕೇಳುವ ರೀತಿ ನೆನಪಾಗಿ ತಾನೂ ಕಣ್ಣು ಮುಚ್ಚಿಕೊಂಡಳು. ಮತ್ತೆ ಪ್ರಶ್ನೆ, ಮತ್ತೆ ಕೈ ಸರಿಯುವ ಸಪ್ಪಳ. ಅಷ್ಟರಲ್ಲಿ ಸಣ್ಣಗೆ, ‘ಕಿರ್’.

ಮರದ ಕುರ್ಚಿ! ಕೈ ತಾನು ಅಂದುಕೊಂಡ ಕಾರ್ಡಿನ ಮೇಲೆ ಬರುತ್ತಿದ್ದಂತೆ ಸಹಾಯಕಿ ತನಗೆ ಗೊತ್ತಿಲ್ಲದೆಯೇ ಆಸೆಯಿಂದ ಕೂದಲೆಳೆಯಷ್ಟು ಮುಂದೆ ಬಾಗುತ್ತಿದ್ದಳು. ಕುರ್ಚಿ ಕಿರುಗುಟ್ಟುತ್ತಿತ್ತು. ಮುಚ್ಚಳ ನಿಲ್ಲುವ ಸದ್ದನ್ನೂ ಕೇಳಿಸಿಕೊಳ್ಳುವ ಕಿವಿಗೆ ಅದು ಕೂಗಿ ಕರೆದಷ್ಟು ಸ್ಪಷ್ಟ. ಹುಡುಗಿ ಕೈ ನಿಲ್ಲಿಸುತ್ತಿದ್ದಳು. ಎಲ್ಲರೂ ಹಿಗ್ಗುತ್ತಿದ್ದರು.

“ಎದ್ದೇಳಮ್ಮ” ಎಂದು ಅಕ್ಕ ಕುರ್ಚಿಯನ್ನು ಎಳೆದು, ಆಫೀಸಿನಿಂದ ಪ್ಲಾಸ್ಟಿಕ್ ಸ್ಟೂಲು ತಂದಿಟ್ಟಳು.

ಅದೇ ಹೊತ್ತಿಗೆ ಹುಡುಗಿಯ ತಾಯಿ ಒಳಗೆ ಬಂದಳು. ಬಸ್ ಕಂಡಕ್ಟರ್. ಮೈಮೇಲೆ ಯೂನಿಫಾರ್ಮು, ಹೆಗಲಲ್ಲಿ ಝಣಗುಟ್ಟುವ ಚಿಲ್ಲರೆ ಚೀಲ. ಪಾಳಿ ಮುಗಿಸಿ ದಿನಾ ಇದೇ ಹೊತ್ತಿಗೆ ಬರುತ್ತಾಳೆ. ಬಂದ ಕೂಡಲೇ ಸಹಾಯಕಿ “ಯಾರು ಬೇಕು?” ಎಂದು ಕೇಳುವುದು, ಮಗಳು ಅಮ್ಮನ ಫೋಟೋ ಮುಟ್ಟುವುದು ರೂಢಿಯಾಗಿತ್ತು. ‘ಆ ಮಗೂಗೆ ನೀನೂ ಒಂದೇ, ಗೋಡೇನೂ ಒಂದೇ’ ಎಂದಿದ್ದ ಅತ್ತೆಯ ಬಾಯಿ ಮುಚ್ಚಿಸಿದ್ದು ಈ ಫೋಟೋ. ದಿನವಿಡೀ ಬಸ್ಸಿನ ನೂಕುನುಗ್ಗಲಲ್ಲಿ ಆ ತಾಯಿ ನಿಂತಿರುತ್ತಿದ್ದುದೂ ಇದರ ಬಲದ ಮೇಲೆ.

“ಯಾರು ಬೇಕು, ಪುಟ್ಟಿ?” ಸಹಾಯಕಿ ಸ್ಟೂಲಿನ ಮೇಲಿಂದ ಕೇಳಿದಳು.

ಕೈ ಸರಿಯಿತು. ಅಮ್ಮನ ಫೋಟೋ ದಾಟಿತು. ಮೇಜಿನ ಅಂಚಿಗೆ ಹೋಯಿತು, ತಿರುಗಿ ಬಂತು, ಮತ್ತೆ ದಾಟಿತು. ಬಾರದ ಸದ್ದಿಗಾಗಿ ಹುಡುಗಿ ತಲೆ ವಾಲಿಸಿ ಕಾದಳು. ಕೊನೆಗೆ ಕೈ ಮೇಜಿನಿಂದ ಜಾರಿ ತೊಡೆಯ ಮೇಲೆ ಬಿತ್ತು.

ಅಕ್ಕ ನಡೆದದ್ದನ್ನು ಆದಷ್ಟು ಮೆತ್ತಗೆ ವಿವರಿಸಿದಳು. ಆದರೆ ಇಂಥ ಮಾತು ಎಷ್ಟು ಮೆತ್ತಗೆ ಹೇಳಿದರೂ ಕಲ್ಲೇ.

“ಹಾಗಾದ್ರೆ ನಾನು ಇಷ್ಟು ದಿನ ಮೋಸ ಮಾಡ್ದೆ ಅಂತೀರಾ?” ಎಂದು ಸಹಾಯಕಿ ಸ್ಟೂಲಿನಿಂದ ಎದ್ದಳು.

“ನೀನು ಮಾಡಿಲ್ಲ ಕಣೇ. ಕುರ್ಚಿ ಮಾಡ್ತು.”

“ಯಾರು ಮಾಡಿದ್ರೇನು?” ತಾಯಿ ಅಕ್ಕನ ಮುಂದೆ ಬಂದು ನಿಂತಳು. “ನೀವು ಬರೋ ತನಕ ನನ್ನ ಮಗಳು ಮಾತಾಡ್ತಿದ್ಲು ಮೇಡಂ.”

ಅಕ್ಕನ ಎದೆಗೆ ಅದು ನಾಟಿತು. ಮೇಜಿನ ಮೇಲಿನ ಕಾರ್ಡುಗಳನ್ನು ಒಂದೊಂದಾಗಿ ನೋಡಿದಳು. ಸಹಾಯಕಿಯನ್ನು ಮಾತ್ರ ಒಂದು ಪ್ರಶ್ನೆ ಕೇಳಿದಳು.

“ಈ ಸಾಲಿನಲ್ಲಿ ‘ಬೇಡ’ ಕಾರ್ಡು ಎಲ್ಲಿ?”

“ಬೀರುವಿನಲ್ಲಿದೆ ಅಕ್ಕ. ಅವಳು ಯಾವತ್ತೂ ಬೇಡ ಅಂದೇ ಇಲ್ಲ, ಅದಕ್ಕೆ ತೆಗೆದಿಟ್ಟೆ.”

ಮಾರನೇ ದಿನದ ತರಬೇತಿಯಲ್ಲಿ ಅದ್ಭುತ ನಡೆಯಲಿಲ್ಲ. ಹೆಡ್‌ಮಾಸ್ಟರು ಮುಖ ಊದಿಸಿಕೊಂಡು ಹಿಂದಿನ ಸಾಲಿನಲ್ಲಿ ಕೂತರು. ಅಕ್ಕ ಅದೇ ಕಿರುಗುಟ್ಟುವ ಕುರ್ಚಿಯನ್ನು ನಡುವೆ ಹಾಕಿಸಿ, ಶಿಕ್ಷಕರನ್ನು ಜೋಡಿ ಜೋಡಿಯಾಗಿ ಕರೆದಳು. ಒಬ್ಬರು ಸಹಾಯಕರಾಗಿ ಮನಸ್ಸಿನಲ್ಲಿ ಒಂದು ಕಾರ್ಡು ನೆನೆಯಬೇಕು. ಇನ್ನೊಬ್ಬರು ಮಗುವಾಗಿ ಕಾರ್ಡು ನೋಡದೆ ಕೈ ಸರಿಸಬೇಕು. ಸುಳಿವು ಕೊಡಬಾರದು. ಎಲ್ಲರೂ ಕೊಟ್ಟರು! ಒಬ್ಬ ಮೇಷ್ಟರು ಗಂಟಲು ಸರಿಮಾಡಿಕೊಂಡರು. ಒಬ್ಬಾಕೆ ಉಸಿರು ಹಿಡಿದಳು. ನನ್ನ ಹತ್ತಿರ ಇದೆಲ್ಲ ನಡೆಯಲ್ಲ ಎಂದು ಎದ್ದು ಬಂದ ಹೆಡ್‌ಮಾಸ್ಟರು ಕಾಲು ಕುಣಿಸುವುದನ್ನು ಸರಿಯಾದ ಕಾರ್ಡಿಗೆ ಟಕ್ಕನೆ ನಿಲ್ಲಿಸಿಬಿಟ್ಟರು. ಇಡೀ ಕೋಣೆ ಬಿದ್ದು ಬಿದ್ದು ನಕ್ಕಿತು. ಅಳುಮುಖದ ಸಹಾಯಕಿ ಕೂಡ ನಕ್ಕಳು. ಮೇಣವಿರುವುದು ತನ್ನೊಬ್ಬಳ ತಟ್ಟೆಯಲ್ಲಿ ಮಾತ್ರವಲ್ಲ ಎಂದು ಅವಳಿಗೆ ಆಗ ಸ್ವಲ್ಪ ಸಮಾಧಾನವಾಯಿತು.

ಆಮೇಲೆ ಅಕ್ಕ ದಿನಾ ಆ ಶಾಲೆಗೇ ಬಂದಳು, ಮೊದಲಿನಿಂದ ಶುರು. ಕಾರ್ಡು ಮುಟ್ಟುವ ಪದ್ಧತಿಯನ್ನು ಅಕ್ಕ ಬಿಡಿಸಿದಳು. ಹುಡುಗಿ ಕಾರ್ಡನ್ನು ಎತ್ತಿ, ತೆರೆದ ಅಂಗೈಯಲ್ಲಿ ಇಡಬೇಕು. ಕೇಳುವವರು ಕಣ್ಣು ಮುಚ್ಚಿಕೊಂಡಿರಬೇಕು. ಹುಡುಗಿ ಏನನ್ನಾದರೂ ದೂಡಿದರೆ ತಕ್ಷಣ ‘ಬೇಡ’ ಕಾರ್ಡನ್ನು ಅವಳ ಕೈಗಿಟ್ಟು, ಆ ವಸ್ತುವನ್ನು ಕಣ್ಣೆದುರಿನಿಂದ ತೆಗೆಯಬೇಕು. ವಾರಗಳು ಉರುಳಿದವು. ಏನೂ ಆಗಲಿಲ್ಲ. ಹೆಡ್‌ಮಾಸ್ಟರು ಕಾರಿಡಾರಿನಲ್ಲಿ ಸಿಕ್ಕಾಗಲೆಲ್ಲ ನಿಟ್ಟುಸಿರು ಬಿಟ್ಟರು, ಹಾಡಿನ ಪಾಠ ತಪ್ಪಿಸಲು ಮಾತ್ರ ಒಪ್ಪಲಿಲ್ಲ. ತಾಯಿ ದಿನಾ ಬಂದು, ಅಕ್ಕನ ಮುಖ ನೋಡದೆ ಮಗಳನ್ನು ಕರೆದುಕೊಂಡು ಹೋದಳು. ಅಕ್ಕನಿಗೆ ತನ್ನ ಮೇಲೇ ಅನುಮಾನ ಶುರುವಾಯಿತು. ಇದ್ದ ಸುಳ್ಳನ್ನೂ ಕಿತ್ತುಕೊಂಡು ಆ ಹೆಂಗಸನ್ನು ಬರಿಗೈ ಮಾಡಿದೆನೇನೋ ಎಂದು ಊಟ ಸೇರುತ್ತಿರಲಿಲ್ಲ. ಗಂಡ ಅವಳ ಕಾಲೆಳೆಯುವುದನ್ನೂ ನಿಲ್ಲಿಸಿದ.

ಒಂದು ಬೆಳಿಗ್ಗೆ ಹಾಡಿನ ಕೋಣೆಯ ಹೊತ್ತಿಗೆ ಸಹಾಯಕಿ ಕಣ್ಣು ಮುಚ್ಚಿ ಅಂಗೈ ಚಾಚಿದ್ದಳು. ಅಂಗೈ ಮೇಲೆ ಕಾರ್ಡು ಬಿತ್ತು. ಕಣ್ಣು ತೆರೆದರೆ, ‘ಬೇಡ’. ಅವಳು ಓಡಿ ಹೋಗಿ ಹಾಡಿನ ಕೋಣೆಯ ಬಾಗಿಲನ್ನೇ ಮುಚ್ಚಿ ಬಂದಳು. ಮರುದಿನವೂ ‘ಬೇಡ’. ಅದರ ಮರುದಿನವೂ. ಮಣಿಕಟ್ಟಿನ ಕೆಂಪು ಗುರುತುಗಳು ಕಪ್ಪಾದವು, ಹೊಸವು ಬರಲಿಲ್ಲ. ಇಷ್ಟಾದ ಮೇಲೂ ಅಕ್ಕ ಕಾರ್ಡುಗಳ ಜಾಗ ಅದಲು ಬದಲು ಮಾಡಿ, ಸಹಾಯಕಿಯನ್ನು ಬೇರೆ ಮೂಲೆಗೆ ಕೂರಿಸಿ, ಮತ್ತೆ ಮತ್ತೆ ನೋಡಿದಳು. ‘ಬೇಡ’ ಬೇಡವೇ ಆಗಿತ್ತು.

ವಿಷಯ ತಾಯಿಗೆ ಮುಟ್ಟಿತು. ಅವತ್ತು ಅವಳು ಬಂದವಳೇ ಮಗಳ ಎದುರು ಕೂತಳು.

“ನಾನೇ ಕೇಳ್ತೀನಿ. ನೀವಿಬ್ರೂ ಗೋಡೆ ಕಡೆ ತಿರುಗಿ ಕೂತ್ಕೊಳ್ಳಿ. ನಿಮ್ಮ ಉಸಿರೂ ಕೇಳಿಸ್ಬಾರ್ದು.”

ಕಲಿಸಿದ ಪಾಠ ತನಗೇ ತಿರುಗಿ ಬಂತು. ಅಕ್ಕ ಮತ್ತು ಸಹಾಯಕಿ ಶಿಕ್ಷೆಗೆ ಒಳಗಾದ ಮಕ್ಕಳ ಹಾಗೆ ಗೋಡೆಗೆ ಮುಖ ಮಾಡಿ, ಕೈಗಳನ್ನು ತೊಡೆಯ ಕೆಳಗಿಟ್ಟುಕೊಂಡರು. ಮೇಜಿನ ಮೇಲೆ ಅಮ್ಮನ ಫೋಟೋ, ಪಕ್ಕದಲ್ಲಿ ‘ಬೇಡ’.

“ಅಮ್ಮನ ಹತ್ರ ಬರ್ತೀಯಾ, ಬಂಗಾರಿ?”

ಚಿಲ್ಲರೆ ಚೀಲ ಝಣಗುಟ್ಟಿತು. ತಾಯಿ ಅಂಗೈ ಚಾಚಿರಬೇಕು. ಕಾರ್ಡು ಎತ್ತಿದ ಸಪ್ಪಳವಾಯಿತು. ಆಮೇಲೆ ಎಷ್ಟು ಹೊತ್ತಾದರೂ ತಾಯಿಯ ದನಿ ಇಲ್ಲ.

“ಬೇಡ ಅಂದ್ಲು” ಎಂದಳು ತಾಯಿ. ಅಳುವೋ ನಗುವೋ ತಿಳಿಯಲಿಲ್ಲ. “ನಂಗೇ ಅಂದ್ಲು. ನನ್ನ ಕೈಗೇ ಇಟ್ಲು.”

ಸಹಾಯಕಿ ಬಿಕ್ಕಿದಳು. ಅಕ್ಕ ಅವಳ ಕಾಲು ತುಳಿದು ಸುಮ್ಮನಾಗಿಸಿದಳು.

ಮತ್ತೆ ಝಣ್ ಎಂದಿತು. ತಾಯಿ ಸ್ವಲ್ಪವೇ ಅಲ್ಲಾಡಿದ್ದಳು. ಆಮೇಲೆ ಅಲ್ಲಾಡಲಿಲ್ಲ. ಮಗಳಿಗೆ ಬೇಡದ್ದು ಈ ಸದ್ದೇ ಎಂದು ಹೊಳೆದಿರಬೇಕು, ಮೆಲ್ಲಗೆ ಎದ್ದಳು. ಝಣಗುಟ್ಟುವ ಸದ್ದು ಬಾಗಿಲ ತನಕ ಹೋಗಿ ಹೊರಗೆ ನಿಂತಿತು. ಹಿಂದಿರುಗಿದ ಹೆಜ್ಜೆಗಳ ಜತೆ ಅದು ಬರಲಿಲ್ಲ.

“ಅಮ್ಮನ ಹತ್ರ ಬರ್ತೀಯಾ?”

ಈ ಸಲ ಎಷ್ಟು ಕಿವಿಗೊಟ್ಟರೂ ಅಕ್ಕನಿಗೆ ಏನೂ ಕೇಳಿಸಲಿಲ್ಲ. ಕಾರ್ಡಿನ ಸಪ್ಪಳವಿಲ್ಲ, ಮಾತಿಲ್ಲ. ಯಾವ ಕಾರ್ಡು? ಕೊಟ್ಟಳಾ? ಒಂದು ಸಲ ಆದದ್ದು ಆಕಸ್ಮಿಕವೂ ಇರಬಹುದು, ಇನ್ನೊಂದು ಸಲ ಮಾಡಿ ನೋಡಬೇಕು, ಫೋಟೋ ಬಲಕ್ಕಿಟ್ಟು ನೋಡಬೇಕು. ಕುತ್ತಿಗೆ ತಿರುಗಲು ತವಕಿಸಿತು.

“ಅಕ್ಕಾ” ಎಂದಳು ತಾಯಿ. ಅವಳ ಬಾಯಲ್ಲಿ ಆ ಪದ ಬಂದದ್ದು ಅವತ್ತೇ ಮೊದಲು. ದನಿ ಮಗಳ ಕೂದಲೊಳಗಿಂದ ಬಂದಂತೆ ಮಂದವಾಗಿತ್ತು. “ತಿರುಗ್ಬೇಡಿ ಅಕ್ಕಾ. ಸ್ವಲ್ಪ ಹೊತ್ತು.”

ಉಪ್ಪನ್ನೂ ನಾಲಿಗೆಗಿಟ್ಟು ನೋಡುವ ಹೆಂಗಸು ತಿರುಗಲಿಲ್ಲ. ಎದುರಿನ ಗೋಡೆಯ ಸುಣ್ಣ ನೋಡುತ್ತಾ ಕೂತೇ ಇದ್ದಳು.