ಚಾಚಾನ ಎರಡು ಬೆರಳು

ಚಾಚಾನ ಎಡಗಾಲಿಗೆ ಮೂರೇ ಬೆರಳು. ಕೆ.ಬಿ. ಬಡಾವಣೆಯಲ್ಲಿ ನಮ್ಮ ಪಕ್ಕದ ಮನೆಯ ಕಟ್ಟೆಯ ಮೇಲೆ ಆ ಕಾಲನ್ನು ಬಿಸಿಲಿಗೆ ಚಾಚಿ ಕೂತಿರುತ್ತಿದ್ದರು. ಯಾರಾದರೂ ಕೇಳಿದರೆ, "ಉಳಿದೆರಡು ಹಿಮಾಲಯದಾಗೆ ಅದಾವೆ. ನಿಧಾನಕ್ಕೆ ನಡ್ಕಂತ ಬರ್ತಾ ಅದಾವೆ" ಎನ್ನುವರು.

ಸುಳ್ಳಲ್ಲ. ಹರೆಯದಲ್ಲಿ ಅವರು ಹಿಮನದಿಯೊಂದರ ನಕ್ಷೆ ಬರೆಯುವ ಸರ್ವೆ ತಂಡದ ಜೊತೆ ಅವರ ನಕ್ಷೆಯ ಹಲಗೆ ಹೊತ್ತು ಹೋದವರು. ಚಳಿಗೆ ಕಪ್ಪಾದ ಬೆರಳುಗಳನ್ನು ಡೇರೆಯಲ್ಲೇ ಡಾಕ್ಟರು ಕತ್ತರಿಸಿದರಂತೆ. ಇವರೇ ಅವನ್ನು ಮಂಜುಗಡ್ಡೆಯ, ಅವರ ಮಾತಿನ ಬರ್ಫಿನ, ಬಿರುಕಿಗೆ ಹಾಕಿ ಬಂದರಂತೆ.

ಎಪ್ಪತ್ತರ ದಶಕದಲ್ಲಿ ನಾನು ಪಿಯುಸಿಯ ಭೂಗೋಳದಲ್ಲಿ ಡುಮ್ಕಿ ಹೊಡೆದೆ. "ಇನ್ನೊಂದ್ಸಲ ಫೇಲಾದ್ರೆ ಓದು ಸಾಕು, ಮನ್ಯಾಗಿರು" ಎಂದುಬಿಟ್ಟರು ಅಪ್ಪ. ನನಗೋ ಓದಲೇಬೇಕೆಂಬ ಹಟ. ನಾನು ಬರೆದ ಉತ್ತರವನ್ನು ಅಳುತ್ತಾ ಚಾಚಾನಿಗೆ ಹೇಳಿದೆ: ಹಿಮನದಿ ಎಂದರೆ ಹಿಮ ಕರಗಿ ಹರಿಯುವ ನೀರು.

ಬಿದ್ದು ಬಿದ್ದು ನಕ್ಕರು ಮಹರಾಯರು! "ನದಿ ಅಂದ್ ಕೂಡ್ಲೇ ನೀರು ಅಂದ್ಕಂಡ್ಯಾ ಬೇಟಿ? ಅಲ್ಲಿ ಗಟ್ಟಿ ಬರ್ಫೇ ನಡೀತೈತೆ. ನಾಳೆ ಅವ್ವನ್ನೂ ಕರ್ಕಂಡು ಹರಿಹರಕ್ಕೆ ಹೊಂಡು."

ಬೇಸಿಗೆಯ ತುಂಗಭದ್ರೆ ಮರಳಿನ ನಡುವೆ ಸಣ್ಣ ಕವಲಾಗಿ ಹರಿಯುತ್ತಿತ್ತು. ಮೂವರೂ ಮೊಣಕಾಲುದ್ದ ನೀರಿನಲ್ಲಿ ಅಡ್ಡಸಾಲಾಗಿ ನಿಂತು, ಚಾಚಾ ತಂದಿದ್ದ ಮಂಡಕ್ಕಿಯನ್ನು ಒಟ್ಟಿಗೇ ಗೆರೆಯಂತೆ ಸುರಿದೆವು. "ತಿನ್ನೋ ಮಂಡಕ್ಕಿ ನೀರಿಗಾಕ್ತೀರಲ್ರಿ!" ಎಂದು ಅವ್ವ ಗೊಣಗುವುದರೊಳಗೆ ನಡುವಿನ ಮಂಡಕ್ಕಿ ಮುಂದೆ ಓಡಿತು, ಅಂಚಿನದು ಹಿಂದುಳಿಯಿತು.

"ಆಲ್ಪ್ಸ್ ಗುಡ್ಡದಾಗೆ ಹಳೇ ಕಾಲದ ವಿದ್ವಾಂಸ್ರು ಹಿಂಗೇ ಬರ್ಫಿನ ಮ್ಯಾಲೆ ಅಡ್ಡಕ್ಕೆ ಕಲ್ಲು ಸಾಲಿಟ್ರಂತೆ. ವರ್ಷ ಬಿಟ್ಟು ನೋಡಿದ್ರೆ ಸಾಲು ಬಿಲ್ಲಿನಂಗೆ ಬಾಗಿತ್ತಂತೆ. ನಾವೂ ಕಲ್ಲಿಗೆ ಬಣ್ಣ ಬಳ್ದು ಹಂಗೇ ಅಳದ್ವಿ" ಎಂದರು ಚಾಚಾ. ಆ ಗೆರೆ ನನ್ನ ತಲೆಯಿಂದ ಮತ್ತೆ ಅಳಿಸಿಹೋಗಲಿಲ್ಲ.

ಪಾಸಾದೆ. ಮುಂದೆ ವಿದ್ಯಾನಗರದ ಕಾಲೇಜಿನಲ್ಲಿ ಓದಿ, ಆನಗೋಡಿನಲ್ಲಿ ಭೂಗೋಳದ ಟೀಚರಾದೆ. ಎಲ್ಲ ಆ ಒಂದು ಪೊಟ್ಟಣ ಮಂಡಕ್ಕಿಯ ಪುಣ್ಯ. ಕೆಲಸದ ಆದೇಶ ತೋರಿಸಲು ಹೋದಾಗ ಚಾಚಾ ಕಾಲು ನೇವರಿಸಿಕೊಳ್ಳುತ್ತಾ, "ನನ್ನ ಬೆರಳು ಮೊದ್ಲು ಕೆಳಗೆ ಬರ್ತಾವೋ, ನಾನು ಮೊದ್ಲು ಮ್ಯಾಲೆ ಹೋಗ್ತೀನೋ, ನೋಡಾಣ" ಎಂದು ನಕ್ಕಿದ್ದರು.

ಪಂದ್ಯದಲ್ಲಿ ಚಾಚಾನೇ ಗೆದ್ದರು. ಎಂಬತ್ತರ ದಶಕದ ಕೊನೆಯಲ್ಲಿ, ಅದೇ ಕಟ್ಟೆಯ ಮೇಲೆ, ಬಿಸಿಲಿಗೆ ಚಾಚಿದ ಕಾಲು ಚಾಚಿದಂತೆಯೇ ಇತ್ತು. ಅವರ ಮಗಳ ಪಕ್ಕದಲ್ಲಿ ಕೂತು ನಾನೂ ಮಗಳಂತೆಯೇ ಅತ್ತೆ.

ನಿವೃತ್ತಳಾದರೂ ಹಿಮನದಿಯ ಪಾಠಕ್ಕೆ ಶಾಲೆಯವರು ಕರೆಯುತ್ತಾರೆ; ಇಂದಿಗೂ ಮಂಡಕ್ಕಿ ಒಯ್ಯುತ್ತೇನೆ, ಚಾಚಾನ ಬೆರಳಿನ ಕಥೆ ಹೇಳುತ್ತೇನೆ. ಪ್ರತಿ ವರ್ಷ ಯಾರಾದರೊಬ್ಬರು ಕೇಳಿಯೇ ಕೇಳುತ್ತಾರೆ: "ಟೀಚರ್, ಆ ಬೆರಳು ಈಗ ಎಲ್ಲಿಗೆ ಬಂದಾವ್ರೀ?"

"ಬರ್ತಾ ಅದಾವೆ ಕಣ್ರೋ," ಎನ್ನುತ್ತೇನೆ, "ಇನ್ನೂ ದಾರ್ಯಾಗೆ ಅದಾವೆ."