ಅರಸನಿಂದ ಊಟದವರೆಗೆ

ಮುನಿಶಾಮಪ್ಪ ಮೇಷ್ಟ್ರು ತಮ್ಮ ಕೊನೆಯ ವರ್ಷದಲ್ಲಿ ಊಟ ಬೇಕೆಂದು ಕೇಳಬೇಕಾದರೆ ‘ಅ’ದಿಂದ ಶುರುಮಾಡುತ್ತಿದ್ದರು. ಮಂಚದ ಮೇಲೆ ಗೋಡೆಗೊರಗಿ ಕೂತು, ಎಡಗೈಯಲ್ಲಿ ಹೊದಿಕೆಯ ಅಂಚು ಹಿಡಿದುಕೊಂಡು, ‘ಅ ಅರಸ, ಆ ಆನೆ, ಇ ಇಲಿ, ಈ ಈಶ, ಉ ಉಡ’ ಎಂದು ಒಂದೊಂದೇ ಮೆಟ್ಟಿಲು ಹತ್ತಿ, ‘ಊ ಊಟ’ಕ್ಕೆ ಬಂದು ನಿಂತು, ಅಡುಗೆಮನೆಯ ಕಡೆ ನೋಡುತ್ತಿದ್ದರು. ನೇರವಾಗಿ ‘ಊಟ’ ಎನ್ನಲು ಅವರಿಂದ ಆಗುತ್ತಿರಲಿಲ್ಲ. ಪಾರ್ಶ್ವವಾಯು ಬಡಿದ ಮೇಲೆ ಅವರ ಬಾಯಲ್ಲಿ ಉಳಿದದ್ದು ಒಂದನೇ ಕ್ಲಾಸಿನ ಪುಸ್ತಕದ ಈ ಸಾಲು ಮಾತ್ರ. ಕೆಲಸಕ್ಕೆ ಸೇರಿದ ದಿನದಿಂದ ನಿವೃತ್ತಿಯವರೆಗೆ ನಮ್ಮಂಥ ಮಕ್ಕಳಿಗೆ ಹೇಳಿಕೊಟ್ಟ ಸಾಲು.

ಶ್ರೀನಿವಾಸಪುರದಿಂದ ಆಂಧ್ರದ ಗಡಿಯ ಕಡೆ ಹೋಗುವ ದಾರಿಯಲ್ಲಿ, ಮಾವಿನ ತೋಪುಗಳ ನಡುವೆ ನಮ್ಮೂರು. ಮನೆಗಳಲ್ಲಿ ಆಡುವುದು ತೆಲುಗು. ಶಾಲೆಗೆ ಸೇರುವವರೆಗೆ ಕನ್ನಡವೆಂದರೆ ನಮಗೆ ಬಸ್ಸಿನ ಕಂಡಕ್ಟರನ ಮಾತು. ಮೇಷ್ಟ್ರು ಮಾಲೂರು ತಾಲ್ಲೂಕಿನ ಟೇಕಲ್ಲಿನವರು. ನಮ್ಮೂರ ಶಾಲೆಗೆ ಬಂದವರು ಇಲ್ಲೇ ನಿಂತರು. ಗಡಿಯಾಚೆಯ ಹುಡುಗಿಯನ್ನೇ ಮದುವೆಯಾದರು. ಆ ವೆಂಕಟಲಕ್ಷ್ಮಮ್ಮನವರನ್ನು ನಾವೆಲ್ಲ ಅಮ್ಮ ಎಂದೇ ಕರೆಯುತ್ತಿದ್ದೆವು. ಮೇಷ್ಟ್ರ ಹೆಂಡತಿಯಾದರೂ ಅವರು ಅಕ್ಷರ ಕಲಿತಿರಲಿಲ್ಲ. ‘ಊರ ಮಕ್ಕಳಿಗೆ ಹೇಳಿ ಹೇಳಿ ಸುಸ್ತಾಗಿ ಬರ್ತಾರೆ, ನಾನೂ ಸ್ಲೇಟು ಹಿಡ್ಕೊಂಡು ಕೂತ್ಕೊಂಡ್ರೆ ಆಯ್ತಾ’ ಎನ್ನುತ್ತಿದ್ದರು.

ಆ ಪುಸ್ತಕ ನನಗಿನ್ನೂ ಕಣ್ಣಿಗೆ ಕಟ್ಟಿದಂತಿದೆ. ತೆಳ್ಳಗಿನ ಪುಸ್ತಕ, ಹೊಸದರಲ್ಲಿ ಸೀಮೆಎಣ್ಣೆಯಂಥ ವಾಸನೆ, ಅಕ್ಕಂದಿರ ಕೈಯಿಂದ ತಂಗಿಯರ ಕೈಗೆ ಬರುವಷ್ಟರಲ್ಲಿ ಎಣ್ಣೆಗೈಯ ಕಲೆ. ಎಲ್ಲರೂ ಬೆರಳಿಟ್ಟು ಬೆರಳಿಟ್ಟು ನನ್ನ ಪುಸ್ತಕದ ಆನೆಗೆ ಸೊಂಡಿಲೇ ಅಳಿಸಿಹೋಗಿತ್ತು. ಮೇಷ್ಟ್ರು ಒಂದು ದಿನ ಚಿತ್ರಗಳನ್ನು ಕತ್ತರಿಸಿ ತಂದು, ಯಾವುದು ಯಾವ ಅಕ್ಷರದ ಕೆಳಗೆ ಎಂದು ಜೋಡಿಸಲು ಹೇಳಿದರು. ನಾನು ಇಲಿಯನ್ನು ‘ಎ’ ಕೆಳಗಿಟ್ಟೆ, ಆನೆಯನ್ನು ‘ಏ’ ಕೆಳಗಿಟ್ಟೆ, ಎಲೆಯನ್ನು ‘ಆ’ ಕೆಳಗಿಟ್ಟೆ. ಬೇರೆ ಮೇಷ್ಟ್ರಾಗಿದ್ದರೆ ಕಿವಿ ಹಿಂಡುತ್ತಿದ್ದರು. ಇವರು ಚಿತ್ರಗಳ ಮುಂದೆ ಕುಕ್ಕರಗಾಲಲ್ಲಿ ಕೂತು ಸ್ವಲ್ಪ ಹೊತ್ತು ನೋಡಿದರು. ಆಮೇಲೆ ನಗು ಬಂತು ಅವರಿಗೆ.

‘ಎಲುಕ, ಏನುಗು, ಆಕು. ನಿಮ್ಮನೆ ಲೆಕ್ಕದಲ್ಲಿ ಎಲ್ಲಾ ಸರಿಯಾಗೇ ಐತೆ ಕಣಮ್ಮ. ಮನೇಲಿ ಅದು ಏನುಗು, ಇಲ್ಲಿ ಆನೆ. ಪ್ರಾಣಿ ಒಂದೇ, ಹೆದರ್ಕೋಬೇಡ.’

ನಾವು ಹೆದರಲಿಲ್ಲ. ಅವರ ತರಗತಿಯಲ್ಲಿ ತೆಲುಗು ಆಡಿದ್ದಕ್ಕೆ ಯಾರೂ ಏಟು ತಿಂದದ್ದಿಲ್ಲ. ಆದರೆ ಅಕ್ಷರ ಹೇಳುವಾಗ ಬಾಯಿ ಪೂರ್ತಿ ತೆರೆಯದಿದ್ದರೆ ಬಿಡುತ್ತಿರಲಿಲ್ಲ. ‘ಬಾಯಿ ಬಿಡ್ರೋ, ಅಕ್ಷರಕ್ಕೆ ಗಾಳಿ ಆಡ್ಲಿ’ ಎನ್ನುತ್ತಿದ್ದರು. ಒಂದೊಂದು ಅಕ್ಷರಕ್ಕೂ ನಿಂತು, ನಾವು ಕೂಡಿ ಕೂಗುವವರೆಗೆ ಕಾದು, ಆಮೇಲೆ ಮುಂದಿನದು. ತೋಪಿನಲ್ಲಿ ಕಾಯಿ ಕೀಳುತ್ತಿದ್ದ ಹೆಂಗಸರಿಗೂ ಆ ಸಾಲು ಬಾಯಿಪಾಠವಾಗಿತ್ತು.

ಅವರ ನಿವೃತ್ತಿಗೆ ಕೆಲವು ವರ್ಷ ಮೊದಲು ಹೊಸ ಪದ್ಧತಿ ಬಂತು. ಮಕ್ಕಳಿಗೆ ಮೊದಲು ಕಲಿಸುವುದು ‘ಅ ಆ ಇ ಈ’ ಅಲ್ಲ, ‘ರ ಗ ಸ ದ’. ಕೋಲಾರದಲ್ಲಿ ತರಬೇತಿ ಮುಗಿಸಿ ಬಂದ ಮೇಷ್ಟ್ರು ಎರಡು ದಿನ ಮಾತೇ ಆಡಲಿಲ್ಲವಂತೆ. ನಾನು ಆಗ ಟಿ.ಸಿ.ಎಚ್. ಓದುತ್ತಿದ್ದೆ. ಸಿಕ್ಕಾಗ ಕೇಳಿದೆ. ‘ಸುಳ್ಳು ಹೇಳಬಾರ್ದಮ್ಮ, ಮಕ್ಕಳು ಬೇಗ ಓದ್ತವೆ. ಐದನೇ ಅಕ್ಷರಕ್ಕೇ ಅರಸ ಅಂತ ಬರ್ದು ತೋರಿಸ್ತವೆ. ಆದ್ರೆ ಸಾಲು ತಪ್ಪೋಯ್ತು. ನಾಳೆ ನಾನು ಒಂದಕ್ಷರ ಹೇಳಿದ್ರೆ ಮುಂದಿಂದು ಹೇಳೋರು ಇರಲ್ಲ,’ ಎಂದರು. ಹಾಗೆಂದವರು ಹೊಸ ಪದ್ಧತಿಯನ್ನೂ ಅಷ್ಟೇ ಶ್ರದ್ಧೆಯಿಂದ ಕಲಿಸಿದರು.

ನಾನು ಓದು ಮುಗಿಸಿ ಸೇರಿದ್ದು ಶ್ರೀನಿವಾಸಪುರದ ಒಂದು ಇಂಗ್ಲಿಷ್ ಶಾಲೆಯ ಎಲ್‌ಕೆಜಿಗೆ. ಅಲ್ಲಿ ಮಕ್ಕಳು ತೆಲುಗೂ ಆಡುವಂತಿಲ್ಲ, ಕನ್ನಡವೂ ಆಡುವಂತಿಲ್ಲ. ‘ಎ ಫಾರ್ ಆಪಲ್’ ಎಂದು ನಾನು ಹೇಳಿಕೊಡುವುದು ಮೇಷ್ಟ್ರಿಗೆ ಗೊತ್ತಿತ್ತು. ಸಂತೆಯಲ್ಲಿ ಸಿಕ್ಕಾಗ, ‘ಆಪಲ್ಲು ನಮ್ಮ ತಾಲ್ಲೂಕಲ್ಲಿ ಯಾವ ಮರದಲ್ಲಿ ಬಿಡುತ್ತಮ್ಮ? ಮಾವಿನಹಣ್ಣು ಬರೋಕೆ ಮಕ್ಕಳು ಎಮ್ ತನಕ ಕಾಯ್ಬೇಕಾ?’ ಎಂದು ನಗಿಸಿದ್ದರು. ನನ್ನ ಕೆಲಸದ ಬಗ್ಗೆ ಅವರು ಆಡಿದ್ದು ಅದೊಂದೇ ಮಾತು. ಸೈಕಲ್ಲಿನ ಹ್ಯಾಂಡಲಿಗೆ ತರಕಾರಿ ಚೀಲ ನೇತುಹಾಕಿಕೊಂಡು ಹೊರಟುಹೋದರು.

ಅದಾಗಿ ಒಂದು ತಿಂಗಳೂ ಆಗಿರಲಿಲ್ಲ. ಬೆಳಿಗ್ಗೆ ಜಗಲಿಯ ಮೇಲೆ ಪೇಪರ್ ಓದುತ್ತಿದ್ದವರು ಹಾಗೆಯೇ ಬಲಕ್ಕೆ ವಾಲಿದರು. ಕೋಲಾರದ ಆಸ್ಪತ್ರೆಯಲ್ಲಿ ಜೀವ ಉಳಿಯಿತು. ಬಲಗೈ, ಬಲಗಾಲು, ಮಾತು ಹೋದವು. ‘ಬಂದ್ರೂ ಬರಬಹುದು, ಬರದೇನೂ ಇರಬಹುದು’ ಎಂದರಂತೆ ಡಾಕ್ಟರು. ಮಗ ವೇಮಗಲ್ಲಿನ ಕಾರ್ಖಾನೆಯಲ್ಲಿ ಪಾಳಿಯ ಕೆಲಸದವನು, ಸಂಸಾರ ಅಲ್ಲೇ. ವಾರಕ್ಕೊಮ್ಮೆ ಬಂದು ಹೋಗುತ್ತಿದ್ದ. ಮಿಕ್ಕ ದಿನಗಳಲ್ಲಿ ಮೇಷ್ಟ್ರು, ಅಮ್ಮ ಇಬ್ಬರೇ.

ಮನೆಗೆ ಬಂದ ಮೇಲೆ ಒಂದು ಮಧ್ಯಾಹ್ನ ಅವರು ಇದ್ದಕ್ಕಿದ್ದಂತೆ ‘ಅ ಅರಸ’ ಎಂದರಂತೆ. ಅಮ್ಮ ಬೀದಿಗೆ ಓಡಿಬಂದು, ‘ಮಾಟ ವಚ್ಚಿಂದಿ, ಮಾತು ಬಂತು’ ಎಂದು ಎಲ್ಲರನ್ನೂ ಕರೆದರು. ನಾನೂ ಸಂಜೆ ಹೋದೆ. ಸಾಲು ನೀರು ಹರಿದಂತೆ ಬರುತ್ತಿತ್ತು, ಅದೇ ಹಳೆಯ ದನಿ, ಅದೇ ಬಾಯಿ. ಮಗ ಮುಂದೆ ಕೂತು, ‘ಅಪ್ಪಾ, ನನ್ನ ಹೆಸರೇನು ಹೇಳಿ’ ಎಂದ. ಮೇಷ್ಟ್ರು ಬಾಯಿ ತೆರೆದರು. ತುಟಿ ಅಲುಗಿತು. ಕುತ್ತಿಗೆಯ ನರ ಉಬ್ಬಿತು. ಬಂದದ್ದು, ‘ಅ ಅರಸ.’

ಅಮ್ಮನೇ ದಾರಿ ಕಂಡುಕೊಂಡರು. ಊಟ ಎಲ್ಲಿ ಬರುತ್ತದೆ, ಮಾತ್ರೆಗೆ ‘ಔ ಔಷಧ’ ಎಲ್ಲಿ ಬರುತ್ತದೆ, ಎಲ್ಲವನ್ನೂ ಕಿವಿಯಲ್ಲೇ ಕಲಿತರು. ‘ಎ ಎಲೆ’ಗೆ ನಿಂತರೆ ಎಲೆ ಅಡಿಕೆ. ‘ಒ ಒಂಟೆ’ಗೆ ನಿಂತು ಕಿರುಬೆರಳು ತೋರಿದರೆ ಒಂದಕ್ಕೆ ಹೋಗಬೇಕೆಂದು. ಕೆಲಸ ಮಾಡುತ್ತಲೇ ಒಂದು ಕಿವಿಯನ್ನು ಮಂಚದ ಕಡೆ ಇಟ್ಟುಕೊಂಡಿರುತ್ತಿದ್ದರು. ಸ್ವರಗಳು ಮುಗಿದು ‘ಕ’ ಬರುವಷ್ಟರಲ್ಲಿ ಮೇಷ್ಟ್ರು ಉಸಿರು ಸಾಲದೆ ಸುಮ್ಮನಾಗುತ್ತಿದ್ದರು. ಹಾಗಾಗಿ ನೀರಿಗೆ ಹೆಬ್ಬೆರಳು ತೋರಿಸಬೇಕಿತ್ತು. ಮಿಕ್ಕದ್ದಕ್ಕೆ ಏನೂ ಇರಲಿಲ್ಲ. ಬೇಸಿಗೆ ರಜೆಗೆ ಬಂದ ಮೊಮ್ಮಗಳು ನಾಲ್ಕು ದಿನ ಕೇಳಿ, ‘ಆಂಟಿ, ತಾತಂಗೆ ಬೇರೆ ಲೆಸನ್ನೇ ಬರಲ್ವಾ?’ ಎಂದು ನನ್ನನ್ನು ಕೇಳಿದಳು. ಅವಳ ತಪ್ಪಲ್ಲ. ಅವಳು ಅಕ್ಷರ ಕಲಿತದ್ದೇ ಬೇರೆ ರೀತಿಯಲ್ಲಿ.

ಒಂದು ಭಾನುವಾರ ಹಳೆಯ ಶಿಷ್ಯರು ನಾಲ್ಕೈದು ಜನ ಸೇರಿ ನೋಡಲು ಹೋದೆವು. ನನ್ನ ಜೊತೆ ಓದಿದ ಬಾಷಾ, ಈಗ ಮಾವಿನ ಮಂಡಿ ಇಟ್ಟವನು, ಮಂಚದ ಪಕ್ಕ ನಿಂತಿದ್ದ. ಮೇಷ್ಟ್ರು ‘ಅ ಅರಸ’ ಎಂದು ಶುರುಮಾಡಿದರು. ಬಾಷಾ ತನಗರಿವಿಲ್ಲದೆ, ತರಗತಿಯಲ್ಲಿ ಕೂಗುತ್ತಿದ್ದಂತೆಯೇ, ‘ಅ ಅರಸ’ ಎಂದ. ಮೇಷ್ಟ್ರು ನಿಂತು ಅವನನ್ನು ನೋಡಿದರು. ‘ಆ ಆನೆ.’ ಈ ಸಲ ನಾವೆಲ್ಲರೂ ಕೂಗಿದೆವು. ಅವರ ಮುಖ ಅರಳಿದ್ದನ್ನು ನಾನು ಕಂಡೆ. ಎಡಗೈಯಲ್ಲಿ ತಾಳ ಹಾಕಿದರು. ಊಟ ದಾಟಿತು, ಎಲೆ ದಾಟಿತು, ಏಣಿ ದಾಟಿತು. ‘ಒ ಒಂಟೆ’ ಎಂದರು, ನಾವು ಹೇಳಿದೆವು. ಮತ್ತೆ ‘ಒ ಒಂಟೆ’ ಎಂದರು. ಮರೆತಿದ್ದಾರೆಂದು ತಿಳಿದು ಬಾಷಾನೇ ಗಟ್ಟಿಯಾಗಿ ‘ಓ ಓಲೆ’ ಎಂದು ಮುಂದಿನದನ್ನು ಎತ್ತಿಕೊಟ್ಟ. ಎಲ್ಲರೂ ಅವನ ಹಿಂದೆ ಹೊರಟೆವು. ‘ಔ’ ಬರುವಷ್ಟರಲ್ಲಿ ಹೊದಿಕೆಯ ಕೆಳಗಿಂದ ನೆಲಕ್ಕೆ ತೊಟ್ಟಿಕ್ಕುವ ಸದ್ದು ಕೇಳಿಸಿತು.

ಮೇಷ್ಟ್ರು ಗೋಡೆಗೆ ಮುಖ ತಿರುಗಿಸಿದರು. ಹಿತ್ತಲಲ್ಲಿ ಪಾತ್ರೆ ತಿಕ್ಕುತ್ತಿದ್ದ ಅಮ್ಮ ನಮ್ಮ ಗದ್ದಲದಲ್ಲಿ ಏನೂ ಕೇಳಿಸದೆ ತಡವಾಗಿ ಬಂದರು. ಬಂದು ನೋಡಿ, ‘ಸ್ವಲ್ಪ ಆಚೆ ಹೋಗ್ರಪ್ಪಾ’ ಎಂದಷ್ಟೇ ಹೇಳಿದರು. ಬೀದಿಯಲ್ಲಿ ಬಾಷಾ ಚಪ್ಪಲಿ ಮೆಟ್ಟುತ್ತ, ‘ಸಾರ್‌ಗೆ ಖುಷಿ ಆಗ್ಲಿ ಅಂತ ಹೇಳಿದ್ವಿ ಕಣೇ’ ಎಂದ. ಅವನು ಮತ್ತೆ ಆ ಮನೆಗೆ ಹೋಗಲಿಲ್ಲ. ಹಣ್ಣು ಮಾತ್ರ ಆಳಿನ ಕೈಯಲ್ಲಿ ಕಳಿಸುತ್ತಿದ್ದ.

ಮೇಷ್ಟ್ರು ಆಮೇಲೆ ಬಹಳ ದಿನ ಬದುಕಲಿಲ್ಲ. ಕಾರ್ತೀಕದ ಒಂದು ಬೆಳಿಗ್ಗೆ ಹೋದರು. ತಿಥಿ ಎಲ್ಲ ಕಳೆದು, ಬಂದವರೆಲ್ಲ ಹೋದ ಮೇಲೆ ನಾನು ಅಮ್ಮನನ್ನು ನೋಡಲು ಹೋಗಿದ್ದೆ. ಜಗಲಿಯ ಮೇಲೆ ಕೂತು ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದರು. ನಾನೂ ಪಕ್ಕದಲ್ಲಿ ಕೂತು ಕೈ ಹಾಕಿದೆ. ನಾನು ಕೇಳದೆಯೇ ಹೇಳತೊಡಗಿದರು.

‘ಅವತ್ತು ಬೆಳಿಗ್ಗೆ ಮುದ್ದೆಗೆ ಎಸರಿಟ್ಟಿದ್ದೆ. ಅವ್ರು ಶುರು ಮಾಡಿದ್ರು. ಊಟ ದಾಟಿದ್ರು, ಸರಿ, ಹಸಿವಲ್ಲ ಅಂದ್ಕೊಂಡೆ. ಎಲೆ ಅಂದ್ರು. ಅಲ್ಲಿಗೆ ನಿಂತೋಯ್ತು. ಎಲೆ ಅಡಿಕೆ ಕೇಳ್ತಾವ್ರೆ ಅಂತ, ಎಲೆ ಒರೆಸಿ, ಸುಣ್ಣ ಹಚ್ಚಿ, ಮಡಿಚ್ಕೊಂಡು ಬಂದೆ. ಬರೋ ಹೊತ್ಗೆ ಮುಗಿದೋಗಿತ್ತು.’

ನಾನು ಇನ್ನೊಂದು ಹುಣಸೆಹಣ್ಣು ಕೈಗೆ ತೆಗೆದುಕೊಂಡೆ.

‘ಮಗ ಅಂತಾನೆ, ಎದೆ ಅನ್ನೋಕೆ ಹೋಗಿದ್ರೇನೋ ಅಂತ. ಇರಬಹುದು. ನಂಗೆ ಅದಲ್ಲ. ಎಲೆಗೇ ನಿಲ್ಸಿದ್ರೋ, ಇನ್ನೂ ಮುಂದಕ್ಕೆ ಹೋಗ್ತಾ ಇದ್ರೋ, ಅದು ಗೊತ್ತಾಗ್ಲಿಲ್ಲ.’ ಬೀಜವೊಂದನ್ನು ಉಗುರಿನಿಂದ ಎಬ್ಬಿಸಿ ಮೊರಕ್ಕೆ ಹಾಕಿದರು. ‘ನಿಂಗೆ ಆ ಸಾಲು ಪೂರಾ ಬರುತ್ತಲ್ಲಮ್ಮ?’

‘ಬರುತ್ತೆ ಅಮ್ಮ.’

‘ಅದ್ರಲ್ಲಿ ನನ್ನ ಹೆಸರು ಎಲ್ಲಿ ಬರುತ್ತೆ?’

ನಾನು ತಲೆಯೆತ್ತಿ ನೋಡಿದೆ. ಅವರು ನೋಡಲಿಲ್ಲ. ‘ಮದುವೆ ಆದಾಗಿಂದ ಒಂದಿನಾನೂ ಹೆಸರಿಟ್ಟು ಕೂಗಿದೋರಲ್ಲ. ಇಗೋ ಅನ್ನೋರು, ಅಷ್ಟೇ. ಆದ್ರೂ ಕೇಳ್ದೆ.’

ವೆಂಕಟಲಕ್ಷ್ಮಮ್ಮ ಎಂಬ ಹೆಸರು ಹುಡುಕುತ್ತ ಮನಸ್ಸಿನಲ್ಲೇ ಸ್ವರಗಳನ್ನು ದಾಟಿದೆ. ಕ ವರ್ಗ, ಚ ವರ್ಗ, ಟ, ತ, ಪ. ಆಮೇಲೆ ಯ, ರ, ಲ.

‘ವ ದಲ್ಲಿ ಅಮ್ಮ. ಕೊನೆ ಹತ್ರ.’

‘ಎಲೆಯಿಂದ ತುಂಬಾ ದೂರಾನಾ?’

‘ತುಂಬಾ ದೂರ.’

ಅವರು ಅಂಟಾಗಿದ್ದ ಬೆರಳುಗಳನ್ನು ಒಂದಕ್ಕೊಂದು ಉಜ್ಜಿಕೊಂಡರು.

‘ಅಷ್ಟು ದೂರ ಅವ್ರ ಕೈಲಿ ಆಗ್ತಿರ್ಲಿಲ್ಲ ಬಿಡು,’ ಎಂದರು.