ಮಿಲಿಟ್ರಿ ತಮ್ಮ, ಪೊಲೀಸ್ ಗಂಡ

ನಮ್ಮನಿಯವರು ಪೊಲೀಸ್, ನನ್ನ ತಮ್ಮ ಮಿಲಿಟ್ರಿ. ಇಬ್ಬರೂ ಕಟ್ಟಿ ಮ್ಯಾಲ ಕುಂತ್ರಂದ್ರ ನನಗ ಬ್ಯಾರೆ ರೇಡಿಯೋ ಬೇಕಾಗ್ತಿರಲಿಲ್ಲ. ತಮ್ಮ ಸೇವೆ ಮುಗಿಸಿ ಹರಪನಹಳ್ಳಿ ಕಡಿ ನಮ್ಮ ತವರೂರಿಗೆ ವಾಪಸ್ ಬಂದಿದ್ದ. ವಾರಕ್ಕೊಮ್ಮೆ ಕೂಡ್ಲಿಗಿ ಸಂತಿ ನೆಪ ಮಾಡ್ಕೊಂಡು ನಮ್ಮ ಕ್ವಾರ್ಟರ್ಸಿಗೆ ಹಾಜರ್. ಆ ಸಂತಿಯಾಗ ಪುಣ್ಯಾತ್ಮ ಒಂದು ಕಟ್ಟು ಕೊತ್ತಂಬರಿನೂ ಕೊಂಡವನಲ್ಲ.

ಹೈವೇದಾಗ ಲಾರಿ ತಡೀತಾರಂತ, ಮಚ್ಚು ತೋರಿಸ್ತಾರಂತ ಅನ್ನೋ ಸುದ್ದಿ ಬಾಳ ಹಬ್ಬಿದ್ದ ಕಾಲ ಅದು. ಚಾದಂಗಡ್ಯಾಗ ಕುಂತೋರೆಲ್ಲಾ ಮಿಲಿಟ್ರಿ ಕರಸ್ರಿ ಅನ್ನೋರು. ನನ್ನ ತಮ್ಮಗ ಅಷ್ಟು ಸಾಕಾಗಿತ್ತು.

"ಪೊಲೀಸ್ರ ಕೈಲಿ ಆಗಂಗಿಲ್ಲ ಮಾವ. ನಮ್ಮೋರನ್ನ ಒಂದು ವಾರ ಬಿಡ್ಲಿ, ಎಲ್ಲಾ ಸಾಫ್! ನೀವು ಈ ಹೊಟ್ಟಿ ಹೊತ್ಕೊಂಡು ಯಾರ ಹಿಂದ ಓಡ್ತೀರಿ?"

"ಓಡಬಾರದಂತನ ಬೆಳೆಸೀನಪ್ಪಾ," ಅನ್ನೋರು ನಮ್ಮನಿಯವರು. "ನಿಮ್ಮೋರು ಬಂದ್ರ ಕಳ್ಳ ಯಾರು, ಹೊಲ ಕಾಯಾಕ ಹೋದೋನು ಯಾರು ಅಂತ ಹೇಳಾಕ ಮತ್ತ ನನ್ನನ್ನ ಕರೀಬೇಕು. ಅದಕ್ಕ ನಾನ ಹೋಗ್ತೀನಿ ಬಿಡು."

ಬಾಯಿ ಬಿಟ್ಟು ಹೇಳಲಿಲ್ಲ, ಆದ್ರ ನಾನು ತಮ್ಮನ ಕಡಿ. ಮಿಲಿಟ್ರಿ ಬಂದ್ರ ನಮ್ಮನಿಯವರು ಮನ್ಯಾಗ ಇರ್ತಾರ, ಜೀವಂತ ಇರ್ತಾರ. ನಂದಿಷ್ಟ ರಾಜಕೀಯ.

ಒಂದು ಸಂತಿ ದಿನ ಸಂಜಿ, ಇವರ ವಾದ ಇನ್ನೂ ಅರ್ಧಕ್ಕ ಬಂದಿತ್ತು, ಹಿಂದಿನ ಓಣ್ಯಾಗ ಹೋ ಅಂತ ಕೂಗು ಎದ್ದಿತು. ಕುರಿ ಕಾಯೋ ಒಬ್ಬಾತ ತನ್ನ ದೊಡ್ಡಪ್ಪನ ಮಗನ ಭುಜಕ್ಕ ಕೊಡ್ಲಿ ಹಾಕಿಬಿಟ್ಟಿದ್ದ. ಸಜ್ಜಿ ಹೊಲಕ್ಕ ಕುರಿ ಬಿಟ್ಟಿ ಅಂತ ಮಾತಿಗೆ ಮಾತು ಬೆಳೆದಿತ್ತಂತ. ಏಟು ತಿಂದವನ್ನ ಟೆಂಪೋದಾಗ ಆಸ್ಪತ್ರಿಗೆ ಒಯ್ದಿದ್ರು. ಹೊಡೆದವನು ಏಣಿ ಮ್ಯಾಲಕ್ಕ ಎಳ್ಕೊಂಡು ತನ್ನ ಮಾಳಿಗಿ ಮ್ಯಾಲ ನಿಂತು, ಯಾರು ಬಂದ್ರೂ ಕಡೀತೀನಿ ಅಂತಿದ್ದ. ಸಾಹೇಬ್ರು, ಜೀಪು ಎರಡೂ ಬಂದೋಬಸ್ತಿಗೆ ಹೋಗಿದ್ದವು. ನಮ್ಮನಿಯವರು ಲಾಠಿ ತಗೊಂಡು ನಡೆದ್ರು. ಹಿಂದ ನನ್ನ ತಮ್ಮ, ಅವನ ಹಿಂದ ನಾನು. ಯಾಕ ಬಂದಿ ಅಂತ ಇಬ್ಬರೂ ಬೈದ್ರು, ಇಬ್ಬರ ಮಾತೂ ಕೇಳಲಿಲ್ಲ.

"ಹಿಂದಿನ ಮನಿ ಮಾಳಿಗಿಯಿಂದ ಹಾರಿ ಹಿಡೀತೀನಿ," ಅಂದ ತಮ್ಮ.

"ಸುಮ್ನಿರು. ಅವ ಹೆದರ್ಯಾನ. ಹೆದರಿದವನ ಕೈಯಾಗ ಕೊಡ್ಲಿ ಐತಿ," ಅಂದ್ರು ಇವರು.

ಅಂಗಳದಾಗ ಆಗಷ್ಟ ಮೇದು ಬಂದ ಕುರಿ ಒದರ್ತಿದ್ದವು. ಮರಿಗೂಡಿನಾಗ ದಿನವಿಡೀ ಹಸ್ಕೊಂಡಿದ್ದ ಮರಿ ಇನ್ನೂ ಜೋರು ಒದರ್ತಿದ್ದವು. ಸಂಜಿಗೆ ಮರಿ ಬಿಟ್ಟು, ಎಳೇವನ್ನ ಎತ್ತಿ ಅವುಗಳ ತಾಯಿಗೇ ಹಚ್ಚಬೇಕು. ಆ ಕೆಲಸ ಮಾಡೋನು ಮಾಳಿಗಿ ಮ್ಯಾಲಿದ್ದ, ಅವನ ಹೆಂಡತಿ ತವರಿಗೆ ಹೋಗಿದ್ಳು.

"ಲೇ ಮಿಲಿಟ್ರಿ," ಅಂದ್ರು ನಮ್ಮನಿಯವರು, "ಆ ಮರಿ ಬಿಡು."

ನನ್ನ ತಮ್ಮಗ ಬಂದೂಕು ಗೊತ್ತು, ಕುರಿ ಗೊತ್ತಿಲ್ಲ. ಕೈಗೆ ಸಿಕ್ಕ ಮರಿ ಎತ್ತಿ, ಸಮೀಪ ಇದ್ದ ಕುರಿ ಕೆಚ್ಚಲಿಗೆ ತುರುಕಿದ. ಅದು ಮರಿನ್ನ ಒದ್ದು ದೂರ ಮಾಡಿ, ಇವನ ಮೊಣಕಾಲಿಗೂ ಒಂದು ಗುದ್ದಿತು. ವೀರ ಯೋಧ ಹಿಕ್ಕಿ ಮ್ಯಾಲ ಕುಂತ! ಅಷ್ಟೊತ್ತು ಗಡಗಡ ನಡುಗ್ತಿದ್ದ ಓಣಿ ಮಂದಿ ಕಿಸಕ್ಕಂದ್ರು.

"ಏ, ಅದರ ತಾಯಿ ಅದಲ್ಲರೀ!" ಅಂತ ಮಾಳಿಗಿಯಿಂದ ದನಿ ಬಂತು. "ಕರಿದು, ಆ ಬಿಳೇ ಮುಸುಡಿ ಕರಿದು!"

ತಮ್ಮ ಎದ್ದು ಇನ್ನೊಂದು ತಪ್ಪು ಮಾಡಿದ. ಮತ್ತೊಂದು ಮಾಡಿದ. ಮ್ಯಾಲಿದ್ದವನಿಗೆ ತಡಕೊಳ್ಳಾಕ ಆಗಲಿಲ್ಲ. ಏಣಿ ಇಳಿಸಿದ, ಇಳಿದ. ಕೊಡ್ಲಿ ಕೈಯಾಗ ಇತ್ತು. ನಮ್ಮನಿಯವರು ಏಣಿ ಬುಡದಾಗ ಬರೀಗೈಲೆ ನಿಂತಿದ್ರು, ಲಾಠಿ ಯಾವಾಗ ಗ್ವಾಡಿಗೆ ಒರಗಿಸಿದ್ರೋ ನಾ ಕಾಣೆ.

"ಕೊಡ್ಲಿ ಹಿಡ್ಕೊಂಡು ಮರಿ ಹೆಂಗ ಎತ್ತತೀಯೋ? ತಾ ಇಲ್ಲಿ," ಅಂದ್ರು.

ಅವ ಕೊಟ್ಟ. ಕೊಟ್ಟು ಒಂದೊಂದ ಮರಿ ಎತ್ತಿ ತಾಯಿಗೆ ಹಚ್ಚಿದ, ಮೂಗು ಒರೆಸ್ಕೊಂತ, ಅಳ್ಕೊಂತ. ತಮ್ಮ ಅವನ ಮ್ಯಾಲ ಬೀಳಾಕ ಹೋದ್ರ ಇವರು ತೋಳು ಹಿಡಿದು ನಿಲ್ಲಿಸಿದ್ರು. ಕೊನೇ ಮರಿ ಕುಡಿದು ಬಾಲ ಅಲ್ಲಾಡಿಸೋವರೆಗೂ ಸರ್ಕಾರ ಕಾದಿತ್ತು. ಆಮ್ಯಾಲ ನಮ್ಮನಿಯವರು, ಆ ಕುರಿಯವನು ಇಬ್ಬರೂ ಸ್ಟೇಷನ್ನಿಗೆ ನಡ್ಕೊಂತ ಹೋದ್ರು. ಏಟು ತಿಂದವನೂ ಬದುಕಿದ, ಅದು ನಮ್ಮ ಪುಣ್ಯ.

ಮನಿಗೆ ಬಂದಾಗ ಚಾ ಕೊಟ್ಟೆ. ನಮ್ಮನಿಯವರ ಕೈ ಎಷ್ಟು ನಡುಗ್ತಿತ್ತಂದ್ರ ಕಪ್ಪು-ಬಸಿ ಗಲಗಲ ಅಂತಿತ್ತು. ತಮಾಷಿ ಮಾಡ್ತಾನಂತ ತಮ್ಮನ ಕಡಿ ಕಣ್ಣು ಬಿಟ್ಟು ನೋಡಿದೆ. ಅವ ಬಸಿ ಹಿಡಕೊಂಡ, ಇವರು ಕುಡಿಯೋವರೆಗೂ ಹಿಡಕೊಂಡಿದ್ದ.

ಮುಂದಿನ ಸಂತಿಗೆ ಚಾದಂಗಡ್ಯಾಗ ಮತ್ತ ಅದ ಮಾತು ಬಂತಂತ. ಪೊಲೀಸ್ರಿಂದ ಆಗಂಗಿಲ್ಲ, ಮಿಲಿಟ್ರಿ ಬರಬೇಕು, ನೀವ ಹೇಳ್ರಿ ಅಂತ ಎಲ್ಲಾರೂ ನನ್ನ ತಮ್ಮನ ಮುಖ ನೋಡಿದ್ರಂತ.

"ಬ್ಯಾಡ್ರಿ," ಅಂದನಂತ. "ನಮಗ ಮರಿ ಬಿಡಾಕ ಬರಂಗಿಲ್ಲ."